ಕೂದಲೆಳೆಯ ಅಂತರ ಮತ್ತು ಊರಿನ ಬರಹಗಾರ



ಅಮೆರಿಕದಲ್ಲಿ ನೆಲೆಸಿ ಕನ್ನಡದಲ್ಲಿ ಬರೆಯುವವರ ಸಭೆ ಇದು. ಅಧ್ಯಕ್ಷರು ಭಾಷೆಯ ಅಳಿವು ಉಳಿವಿನ ಬಗ್ಗೆ ಮಾತಾಡುತ್ತಾರೆ ಎಂದು ಹಲವರು ಎಣಿಸಿರಬಹುದು. ಆ ಕೆಲಸವನ್ನು ನನಗಿಂತ ಚೆನ್ನಾಗಿ ಮಾಡಬಲ್ಲವರು ಇವತ್ತಿನ ಗೋಷ್ಠಿಗಳಲ್ಲಿದ್ದಾರೆ. ನಾನು ಎತ್ತಿಕೊಂಡಿರುವುದು ಬೇರೆ ಮಾತು. ನಾವು ತೆರಿಗೆ ಕಟ್ಟುವ, ನಮ್ಮ ಮಕ್ಕಳು ಶಾಲೆಗೆ ಹೋಗುವ, ನಮ್ಮಲ್ಲಿ ಅನೇಕರು ಪೌರತ್ವ ಪಡೆದು ಮತ ಹಾಕುವ ಈ ಊರುಗಳ ರಾಜಕಾರಣವನ್ನು ಬರೆಯುವ ಮಾತು. ಕಾಂಗ್ರೆಸ್ಸಿನ ಒಂದು ಸ್ಥಾನಕ್ಕೆ ಜಿದ್ದಾಜಿದ್ದಿ ನಡೆದಾಗ ಸ್ಥಳೀಯ ಬ್ಲಾಗು ಬರೆಯುವ ಒಬ್ಬ ವ್ಯಕ್ತಿಯ ಕೈಯಲ್ಲಿ ಎಷ್ಟು ಬಲ ಇರುತ್ತದೆ, ಅದು ಎಲ್ಲಿಂದ ಬರುತ್ತದೆ, ಬಳಸುವವರು ಏನನ್ನು ಮುಚ್ಚಿಡಬಾರದು ಎಂಬುದರ ಬಗ್ಗೆ ಹೇಳುತ್ತೇನೆ. (ಊರಿಂದ ಬಂದವರಿಗೆ ಒಂದು ಮಾತು: ಇಲ್ಲಿ ಕಾಂಗ್ರೆಸ್ ಎಂದರೆ ಪಕ್ಷವಲ್ಲ, ಸೆನೆಟ್ ಮತ್ತು ಹೌಸ್ ಎರಡೂ ಸೇರಿದ ಸಂಸತ್ತು.)

ಅಂತರಗಳನ್ನು ಮೊದಲು ನೋಡಿ. 2002ರಲ್ಲಿ ಸೌತ್ ಡಕೋಟಾದ ಸೆನೆಟ್ ಚುನಾವಣೆಯಲ್ಲಿ ಜಾನ್ ಥೂನ್ ಸೋತದ್ದು 524 ಮತಗಳಿಂದ. 2006ರಲ್ಲಿ ಕನೆಕ್ಟಿಕಟ್‌ನ 2ನೇ ಕ್ಷೇತ್ರದಲ್ಲಿ ಜೋ ಕೋರ್ಟ್ನಿ ಗೆದ್ದದ್ದು 83 ಮತಗಳಿಂದ. 2020ರಲ್ಲಿ ಅಯೋವಾದ 2ನೇ ಕ್ಷೇತ್ರದಲ್ಲಿ ಮರಿಯನೆಟ್ ಮಿಲ್ಲರ್-ಮೀಕ್ಸ್ ಅವರಿಗೆ 1,96,964, ರೀಟಾ ಹಾರ್ಟ್ ಅವರಿಗೆ 1,96,958. ಆರೇ ಆರು ಮತ. ಒಂದು ಮನೆಯವರು ಅಂದು ಮತಗಟ್ಟೆಗೆ ಹೋಗದಿದ್ದರೆ ಫಲಿತಾಂಶ ಬದಲಾಗುತ್ತಿತ್ತು ಎನ್ನುವಂಥ ಅಂತರ.

ಆದರೆ ಬ್ಲಾಗು ಓದಿ ಸಾವಿರಾರು ಜನ ಮನಸ್ಸು ಬದಲಿಸುತ್ತಾರೆ ಎಂದು ನಾನು ನಂಬುವುದಿಲ್ಲ. ಸ್ಥಳೀಯ ರಾಜಕೀಯ ಬ್ಲಾಗನ್ನು ಓದುವವರು ಕೆಲವೇ ಮಂದಿ, ಅವರಲ್ಲಿ ಹೆಚ್ಚಿನವರು ಆಗಲೇ ಒಂದು ಪಕ್ಷ ಹಿಡಿದವರು. ಆ ಕೆಲವರು ಯಾರು ಎಂಬುದರಲ್ಲೇ ಎಲ್ಲ ಇದೆ. ಊರಿನ ಪತ್ರಿಕೆಯ ರಾಜಕೀಯ ವರದಿಗಾರ ಓದುತ್ತಾನೆ. ಎರಡೂ ಕಡೆಯ ಪ್ರಚಾರ ಕಚೇರಿಗಳು ಓದುತ್ತವೆ. ಮನೆಮನೆಗೆ ಹೋಗಿ ಬಾಗಿಲು ತಟ್ಟುವ ಕಾರ್ಯಕರ್ತರು, ಇಪ್ಪತ್ತೈದು ಡಾಲರ್ ಕಳಿಸುವವರು ಓದುತ್ತಾರೆ. ಇವರ ಮೂಲಕ ಮಾತು ಊರಿಗೆ ಹಬ್ಬುತ್ತದೆ. ಬ್ಲಾಗಿನವನ ಪ್ರಭಾವ ಮತದಾರನ ಮೇಲಲ್ಲ, ಮತದಾರನ ಬಳಿ ಹೋಗುವವರ ಮೇಲೆ.

2004ರ ಸೌತ್ ಡಕೋಟಾ ಇದಕ್ಕೆ ಒಳ್ಳೆಯ ಉದಾಹರಣೆ. ಆಗ ಎಂಟು ಲಕ್ಷವೂ ಜನರಿಲ್ಲದ, ಹೌಸ್‌ಗೆ ಒಬ್ಬರೇ ಪ್ರತಿನಿಧಿಯನ್ನು ಕಳಿಸುವ ರಾಜ್ಯ ಅದು. ಅಲ್ಲಿನ ಟಾಮ್ ಡ್ಯಾಶಲ್ ಸೆನೆಟ್‌ನಲ್ಲಿ ಡೆಮಾಕ್ರಟಿಕ್ ಪಕ್ಷದ ನಾಯಕರು. ಎರಡು ವರ್ಷದ ಹಿಂದೆ 524 ಮತಗಳಿಂದ ಸೋತಿದ್ದ ಥೂನ್ ಈಗ ಅವರ ಎದುರಾಳಿ. ರಾಜ್ಯದ ಅತಿದೊಡ್ಡ ಪತ್ರಿಕೆ ಸೂ ಫಾಲ್ಸ್‌ನ ಆರ್ಗಸ್ ಲೀಡರ್. ಅದು ಬರೆದದ್ದನ್ನೇ ಉಳಿದ ಪತ್ರಿಕೆಗಳು, ರೇಡಿಯೊ, ಟೀವಿ ಹಿಂಬಾಲಿಸುತ್ತಿದ್ದವು. ಥೂನ್ ಪರವಾಗಿದ್ದ ಕೆಲವು ಬ್ಲಾಗಿಗರು ಡ್ಯಾಶಲ್ ಅವರಷ್ಟೇ ಗಟ್ಟಿಯಾಗಿ ಆ ಪತ್ರಿಕೆಯನ್ನೂ ಹಿಡಿದುಕೊಂಡರು. ದಿನದ ಪತ್ರಿಕೆ ಬಿಡಿಸಿ, ಯಾವ ಸುದ್ದಿ ಮುಖಪುಟಕ್ಕೆ ಬಂತು, ಯಾವುದು ಒಳಪುಟದಲ್ಲಿ ಅಡಗಿತು, ಯಾವುದು ಬರಲೇ ಇಲ್ಲ ಎಂದು ಸಾಲುಸಾಲಾಗಿ ಪಟ್ಟಿ ಮಾಡಿದರು. ಪತ್ರಿಕೆಯವರಿಗೆ ಯಾರೋ ಹೆಗಲ ಮೇಲಿಂದ ಇಣುಕುತ್ತಿದ್ದಾರೆ ಎಂಬ ಅನುಭವ ಬರುವುದು ಸಹಜ. ನವೆಂಬರ್‌ನಲ್ಲಿ ಥೂನ್ 4,508 ಮತಗಳಿಂದ ಗೆದ್ದರು. ಸೆನೆಟ್‌ನ ಪಕ್ಷನಾಯಕರೊಬ್ಬರು ತಮ್ಮ ಸ್ಥಾನ ಕಳೆದುಕೊಂಡದ್ದು 1952ರ ನಂತರ ಅದೇ ಮೊದಲು.

ಬ್ಲಾಗುಗಳಿಂದಲೇ ಗೆದ್ದರು ಎಂದು ನಾನು ಹೇಳುವುದಿಲ್ಲ. ಅದೇ ದಿನ ಥೂನ್ ಅವರ ಪಕ್ಷದವರೇ ಆದ ಅಧ್ಯಕ್ಷ ಬುಷ್ ಆ ರಾಜ್ಯವನ್ನು ಭಾರೀ ಅಂತರದಿಂದ ಗೆದ್ದಿದ್ದರು. ಆದರೆ ನಾಲ್ಕೂವರೆ ಸಾವಿರದ ಅಂತರದಲ್ಲಿ ಯಾವ ಕಾರಣವನ್ನೂ ಚಿಕ್ಕದೆಂದು ತಳ್ಳಿಹಾಕುವಂತಿಲ್ಲ.

ಈ ಕಥೆಗೆ ಇನ್ನೊಂದು ಮುಖ ಇದೆ, ನಾನು ಇವತ್ತು ಇದನ್ನು ಎತ್ತಲು ಮುಖ್ಯ ಕಾರಣವೂ ಅದೇ. ಆ ಬ್ಲಾಗಿಗರಲ್ಲಿ ಪ್ರಮುಖರಾದ ಇಬ್ಬರಿಗೆ ಥೂನ್ ಪ್ರಚಾರ ಸಮಿತಿಯಿಂದ ಹಣ ಸಂದಿತ್ತು. ಇತಿಹಾಸದ ಪ್ರಾಧ್ಯಾಪಕರಾಗಿದ್ದ ಜಾನ್ ಲಾಕ್ ಅವರಿಗೆ 27,000 ಡಾಲರ್, ಇನ್ನೊಬ್ಬರಿಗೆ 8,000. ಸಮಿತಿಯ ಲೆಕ್ಕಪತ್ರದಲ್ಲಿ ಅದು ದಾಖಲಾಗಿತ್ತು, ಕಾನೂನು ಮುರಿದಿರಲಿಲ್ಲ. ಆದರೆ ದೇಶದಲ್ಲಿ ದೊಡ್ಡ ಚರ್ಚೆಯಾದದ್ದು ಮತದಾನ ಮುಗಿದ ಮೇಲೆ. ಪತ್ರಿಕೆ ಒಂದು ಕಡೆ ವಾಲಿದೆ ಎಂದು ದೂರುವ ಬರಹಗಾರ, ತನ್ನ ಸಂಭಾವನೆ ಎಲ್ಲಿಂದ ಬರುತ್ತದೆ ಎಂಬುದನ್ನು ಓದುಗನ ಕಣ್ಣಿಗೆ ಬೀಳುವ ಜಾಗದಲ್ಲೇ ಬರೆದಿಡಬೇಕು. ಲೆಕ್ಕಪತ್ರ ಹುಡುಕಿ ತಿಳಿದುಕೊಳ್ಳಲಿ ಎನ್ನುವುದು ಓದುಗನಿಗೆ ಮಾಡುವ ಅನ್ಯಾಯ. ಈ ವಿಷಯದಲ್ಲಿ ನನಗೆ ಯಾವ ಸಂದೇಹವೂ ಇಲ್ಲ.

2006ರ ಮಾರ್ಚಿನಲ್ಲಿ ಫೆಡರಲ್ ಚುನಾವಣಾ ಆಯೋಗ ಅಂತರ್ಜಾಲದ ನಿಯಮಗಳನ್ನು ಒಮ್ಮತದಿಂದ ಅಂಗೀಕರಿಸಿತು. ಹಣ ಕೊಟ್ಟು ಇನ್ನೊಬ್ಬರ ತಾಣದಲ್ಲಿ ಹಾಕಿಸುವ ಜಾಹೀರಾತಿಗೆ ಮಾತ್ರ ಚುನಾವಣಾ ಹಣದ ಕಟ್ಟಳೆ, ಸಾಮಾನ್ಯ ನಾಗರಿಕ ತನ್ನ ಬ್ಲಾಗಿನಲ್ಲಿ ಬರೆಯುವುದಕ್ಕೆ ಇಲ್ಲ ಎಂದಿತು. ಸರಿಯಾದ ತೀರ್ಮಾನವೇ. ಆದರೆ ಪ್ರಚಾರ ಸಮಿತಿಯಿಂದ ಹಣ ಪಡೆದ ಬ್ಲಾಗಿಗ ಅದನ್ನು ತನ್ನ ಪುಟದಲ್ಲಿ ಹೇಳಲೇಬೇಕೆಂದು ಆ ನಿಯಮ ವಿಧಿಸಲಿಲ್ಲ. ಕಾನೂನು ಕೇಳದ ಆ ಪ್ರಾಮಾಣಿಕತೆಯನ್ನು ಬರಹಗಾರನೇ ತನಗೆ ತಾನು ವಿಧಿಸಿಕೊಳ್ಳಬೇಕಾಯಿತು.

ಅದೇ ವರ್ಷ ವರ್ಜೀನಿಯಾದಲ್ಲಿ ನಡೆದದ್ದು ಇಲ್ಲಿ ಕುಳಿತ ತಂದೆತಾಯಂದಿರಿಗೆಲ್ಲ ನೆನಪಿರುತ್ತದೆ. ಸೆನೆಟರ್ ಜಾರ್ಜ್ ಆಲನ್ ಸುಲಭವಾಗಿ ಮರಳಿ ಗೆಲ್ಲುತ್ತಾರೆ, ಮುಂದೆ ಅಧ್ಯಕ್ಷ ಪದವಿಗೂ ನಿಲ್ಲುತ್ತಾರೆ ಎಂಬ ಮಾತಿತ್ತು. ಅವರಿಗೆ ಸರಿಸಮ ಎದುರಾಳಿ ಬೇಕೆಂದು ‘ರೇಸಿಂಗ್ ಕೇನ್’ ಎಂಬ ಸ್ಥಳೀಯ ಬ್ಲಾಗಿನವರು ಜಿಮ್ ವೆಬ್ ಅವರ ಬೆನ್ನು ಹತ್ತಿದರು. ವೆಬ್ ವಿಯೆಟ್ನಾಂ ಯುದ್ಧದಲ್ಲಿ ಹೋರಾಡಿದವರು, ರೇಗನ್ ಕಾಲದಲ್ಲಿ ನೌಕಾ ಕಾರ್ಯದರ್ಶಿಯಾಗಿದ್ದವರು, ಕಾದಂಬರಿಕಾರ. ಚುನಾವಣೆಗೆ ನಿಂತ ಅನುಭವವಿಲ್ಲ, ಕೈಯಲ್ಲಿ ಹಣವಿಲ್ಲ. ನೀವು ನಿಲ್ಲಿ, ನಾವಿದ್ದೇವೆ ಎಂದು ಬ್ಲಾಗಿನವರು ಸಹಿ ಸಂಗ್ರಹಿಸಿದರು, ಸ್ವಯಂಸೇವಕರನ್ನು ಒಟ್ಟುಮಾಡಿದರು. ಜೂನ್ 13ರಂದು ಡೆಮಾಕ್ರಟಿಕ್ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಪ್ರೈಮರಿಯಲ್ಲಿ ಇಡೀ ರಾಜ್ಯದಲ್ಲಿ ಮತ ಹಾಕಿದವರು ಸುಮಾರು 1,55,000 ಮಂದಿ. ವೆಬ್ ಗೆದ್ದದ್ದು ಸುಮಾರು ಹನ್ನೊಂದು ಸಾವಿರ ಮತಗಳಿಂದ. ನವೆಂಬರ್‌ನಲ್ಲಿ ಎಲ್ಲರೂ ಮಾತಾಡುತ್ತಾರೆ, ಜೂನ್‌ನಲ್ಲಿ ಯಾರೂ ಮಾತಾಡುವುದಿಲ್ಲ. ಸ್ಥಳೀಯ ಬರಹಗಾರನ ಮಾತಿಗೆ ಅತಿ ಹೆಚ್ಚು ಬೆಲೆ ಬರುವುದು ಆ ಮೌನದ ತಿಂಗಳುಗಳಲ್ಲಿ.

ಆಗಸ್ಟ್ 11ರಂದು ಕೆಂಟಕಿ ಗಡಿಗೆ ಅಂಟಿಕೊಂಡ ಬ್ರೇಕ್ಸ್ ಎಂಬಲ್ಲಿ ಆಲನ್ ಅವರ ಸಭೆ. ವೆಬ್ ಪರವಾಗಿ ಆಲನ್ ಅವರ ಸಭೆಗಳನ್ನು ಚಿತ್ರಿಸುವ ಕೆಲಸ ಎಸ್. ಆರ್. ಸಿದ್ಧಾರ್ಥ್ ಎಂಬ ವಿದ್ಯಾರ್ಥಿಯದು. ಆ ಗುಂಪಿನಲ್ಲಿ ಬೇರೆ ಬಣ್ಣದ ಮುಖ ಅದೊಂದೇ. ಆಲನ್ ಅವನತ್ತ ಬೆರಳು ತೋರಿಸಿ ‘ಮಕಾಕಾ’ (ಕೋತಿ ಜಾತಿಯೊಂದರ ಹೆಸರನ್ನು ಹೋಲುವ ಪದ) ಎಂದು ಕರೆದರು, ಅಮೆರಿಕಕ್ಕೆ ಸ್ವಾಗತ ಎಂದರು. ಸುತ್ತಲಿನವರು ನಕ್ಕರು. ಹುಡುಗ ಕ್ಯಾಮೆರಾ ಕೆಳಗಿಳಿಸಲಿಲ್ಲ. ಅವನು ಹುಟ್ಟಿ ಬೆಳೆದದ್ದು ವರ್ಜೀನಿಯಾದ ಫೇರ್‌ಫ್ಯಾಕ್ಸ್ ಕೌಂಟಿಯಲ್ಲೇ. ಆಲನ್ ಹುಟ್ಟಿದ್ದು ಕ್ಯಾಲಿಫೋರ್ನಿಯಾದಲ್ಲಿ. ನಮ್ಮ ಮನೆಗಳಲ್ಲೂ ಇಂಥ ಮಕ್ಕಳಿದ್ದಾರೆ. ‘ನೀನು ನಿಜವಾಗಿ ಎಲ್ಲಿಯವನು’ ಎಂಬ ಪ್ರಶ್ನೆಯನ್ನು ಶಾಲೆಯಲ್ಲಿ, ಆಟದ ಬಯಲಲ್ಲಿ ಕೇಳಿಸಿಕೊಂಡು ಬಂದವರು. ಆ ವಿಡಿಯೊ ಈಗ ನೋಡಿದರೂ ಹೊಟ್ಟೆಯೊಳಗೆ ಸಂಕಟವಾಗುತ್ತದೆ.

ವಿಡಿಯೊ ಯೂಟ್ಯೂಬಿಗೆ ಬಂತು, ವಾಷಿಂಗ್ಟನ್ ಪೋಸ್ಟ್ ವರದಿ ಮಾಡಿತು. ಅಷ್ಟಕ್ಕೇ ನಿಂತಿದ್ದರೆ ವಾರದೊಳಗೆ ತಣ್ಣಗಾಗುವ ಸುದ್ದಿ. ಅದನ್ನು ತಣ್ಣಗಾಗಲು ಬಿಡದವರು ವರ್ಜೀನಿಯಾದ ಬ್ಲಾಗಿನವರು. ಆ ಪದದ ಹಿನ್ನೆಲೆ ಕೆದಕಿದರು, ಆಲನ್ ಕೊಟ್ಟ ವಿವರಣೆಗಳು ಒಂದಕ್ಕೊಂದು ಹೊಂದದಿದ್ದಾಗ ಅಕ್ಕಪಕ್ಕ ಇಟ್ಟು ತೋರಿಸಿದರು. ನವೆಂಬರ್‌ನಲ್ಲಿ 23 ಲಕ್ಷಕ್ಕೂ ಮಿಕ್ಕ ಮತಗಳಲ್ಲಿ ವೆಬ್ ಗೆದ್ದ ಅಂತರ ಹತ್ತು ಸಾವಿರಕ್ಕಿಂತ ಕಡಿಮೆ. ಆ ಒಂದು ಸ್ಥಾನದಿಂದ ಇಡೀ ಸೆನೆಟ್ಟೇ ಡೆಮಾಕ್ರಟಿಕ್ ಪಕ್ಷದ ಕೈಗೆ ಹೋಯಿತು. ‘ರೇಸಿಂಗ್ ಕೇನ್’ ನಡೆಸುತ್ತಿದ್ದ ಲೋವೆಲ್ ಫೆಲ್ಡ್ ಚುನಾವಣೆಗೆ ಮುಂಚೆಯೇ ವೆಬ್ ಪ್ರಚಾರ ತಂಡವನ್ನು ಸೇರಿದ್ದರು. ಬರಹಗಾರನೊಬ್ಬ ಹೀಗೆ ಗೆರೆ ದಾಟುವುದು ತಪ್ಪಲ್ಲ. ದಾಟಿದ್ದೇನೆ ಎಂದು ಎಲ್ಲರೆದುರು ಹೇಳಿದರೆ ಸಾಕು.

ಅಯೋವಾದ ಆರು ಮತಗಳಿಗೆ ಬರುತ್ತೇನೆ. ಜಾಸ್ಪರ್ ಕೌಂಟಿಯ ಮತಲೆಕ್ಕದ ತಪ್ಪು ಸರಿಪಡಿಸಿದಾಗ ಹಾರ್ಟ್ ಮುಂದೆ ಹೋದರು, ಲೂಕಸ್ ಕೌಂಟಿಯ ತಪ್ಪು ಸರಿಯಾದಾಗ ಮಿಲ್ಲರ್-ಮೀಕ್ಸ್ ಮುಂದೆ ಬಂದರು. ಆಮೇಲೆ ಕ್ಷೇತ್ರದ 24 ಕೌಂಟಿಗಳಲ್ಲಿ ಮರುಎಣಿಕೆ. ಇಂಥ ವೇಳೆಯಲ್ಲಿ ವದಂತಿಗೆ ರೆಕ್ಕೆ ಬರುತ್ತದೆ, ‘ಮೋಸ ನಡೆದಿದೆ’ ಎಂದು ಎರಡೂ ಕಡೆಯವರು ಕೂಗಲು ತಯಾರಿರುತ್ತಾರೆ. ಯಾವ ಕೌಂಟಿಯಲ್ಲಿ ಯಾವ ಅಧಿಕಾರಿ ಏನು ಮಾಡುತ್ತಾರೆ, ಲಕೋಟೆಯ ಮೇಲೆ ಸಹಿ ಇಲ್ಲದ ಮತಪತ್ರ ಏನಾಗುತ್ತದೆ, ಮರುಎಣಿಕೆಯ ಮಂಡಳಿಯಲ್ಲಿ ಎಷ್ಟು ಜನ ಇರುತ್ತಾರೆ ಎಂಬುದನ್ನು ಬಲ್ಲವರೊಬ್ಬರು ಆಗ ಬೇಕು. ಗದ್ದೆಯ ಬದುವಿನ ಮೇಲೆ ದಿನಾ ಓಡಾಡುವವನಿಗೆ ನೀರು ಎಲ್ಲಿ ಸೋರುತ್ತಿದೆ ಎಂದು ಗೊತ್ತಿರುತ್ತದಲ್ಲ, ಅಂಥವರು. ಅಯೋವಾದಲ್ಲಿ ‘ಬ್ಲೀಡಿಂಗ್ ಹಾರ್ಟ್‌ಲ್ಯಾಂಡ್’ ಬರೆಯುವ ಲಾರಾ ಬೆಲಿನ್ ಅಂಥವರು. ತಮ್ಮ ಒಲವನ್ನು ಅವರು ಮುಚ್ಚಿಟ್ಟವರಲ್ಲ, ದಾಖಲೆ ತೋರಿಸದೆ ಬರೆಯುವವರೂ ಅಲ್ಲ. ರಾಜ್ಯದ ಶಾಸನಸಭೆಯ ಕೆಳಮನೆ ಅವರಿಗೆ ಪತ್ರಕರ್ತರ ಪಾಸು ಕೊಡದಿದ್ದಾಗ 2024ರ ಜನವರಿಯಲ್ಲಿ ಕೋರ್ಟಿಗೆ ಹೋದರು, ಪಾಸು ಬಂತು.

ಊರಿನ ಬರಹಗಾರ ಬರೆದೂ ಯಾರೂ ಕಿವಿಗೊಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ನ್ಯೂಯಾರ್ಕಿನ 3ನೇ ಕ್ಷೇತ್ರ ಸಾಕ್ಷಿ. ಅಲ್ಲಿ ಬರೆದದ್ದು ಬ್ಲಾಗಲ್ಲ, ಲಾಂಗ್ ಐಲೆಂಡಿನ ‘ನಾರ್ತ್ ಶೋರ್ ಲೀಡರ್’ ಎಂಬ ಸಣ್ಣ ವಾರಪತ್ರಿಕೆ. ಅಲ್ಲಿನ ಅಭ್ಯರ್ಥಿ ಜಾರ್ಜ್ ಸ್ಯಾಂಟೋಸ್ ಅವರ ಆಸ್ತಿ ಇದ್ದಕ್ಕಿದ್ದಂತೆ ಹೇಗೆ ಊದಿಕೊಂಡಿತು ಎಂದು ಅದು 2022ರ ಸೆಪ್ಟೆಂಬರಿನಲ್ಲೇ ಕೇಳಿತ್ತು. ದೊಡ್ಡ ಪತ್ರಿಕೆಗಳು ಎತ್ತಿಕೊಳ್ಳಲಿಲ್ಲ. ಸ್ಯಾಂಟೋಸ್ ಗೆದ್ದರು. ನ್ಯೂಯಾರ್ಕ್ ಟೈಮ್ಸ್ ಅವರ ಸುಳ್ಳುಗಳನ್ನು ಬಿಚ್ಚಿಟ್ಟದ್ದು ಡಿಸೆಂಬರ್ 19ರಂದು, ಮತ ಎಣಿಸಿ ಮುಗಿದ ಮೇಲೆ. ಅವರನ್ನು ಹೌಸ್‌ನಿಂದ ಹೊರಹಾಕಲು 2023ರ ಡಿಸೆಂಬರ್ 1 ಬರಬೇಕಾಯಿತು. ಒಂದು ವಾರಪತ್ರಿಕೆಯ ಜೊತೆ ಆ ಊರಿನ ಹತ್ತು ಜನ ಅದೇ ಪ್ರಶ್ನೆಯನ್ನು ಮತ್ತೆ ಮತ್ತೆ ಬರೆದಿದ್ದರೆ? ಈ ದೇಶದಲ್ಲಿ 2005ರಿಂದೀಚೆಗೆ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಪತ್ರಿಕೆಗಳು ಮುಚ್ಚಿಹೋಗಿವೆ. ಆ ಹತ್ತು ಜನರನ್ನು ಇನ್ನು ಪತ್ರಿಕೆಗಳು ಸಂಬಳ ಕೊಟ್ಟು ಇಟ್ಟುಕೊಳ್ಳುವುದಿಲ್ಲ.

ನಮ್ಮ ವಿಷಯಕ್ಕೆ ಬರುತ್ತೇನೆ. ಬೆಂಗಳೂರಿನ ರಸ್ತೆ ಗುಂಡಿ, ವಿಧಾನಸೌಧದ ಒಳಜಗಳ, ಯಾರು ಮುಖ್ಯಮಂತ್ರಿ ಎಂಬುದರ ಬಗ್ಗೆ ನಾವು ಪುಟಗಟ್ಟಲೆ ಬರೆಯುತ್ತೇವೆ. ಪ್ರೀತಿಯಿಂದ ಬರೆಯುತ್ತೇವೆ, ಬರೆಯೋಣ. ಆದರೆ ನಮ್ಮ ಬೀದಿಯ ಹೌಸ್ ಪ್ರತಿನಿಧಿಯ ಹೆಸರು ಕೇಳಿದರೆ ನಮ್ಮಲ್ಲಿ ಎಷ್ಟೋ ಜನ ತಡವರಿಸುತ್ತೇವೆ. ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾನೇದಾರ್ 2022ರಲ್ಲಿ ಮಿಷಿಗನ್‌ನ 13ನೇ ಕ್ಷೇತ್ರದಿಂದ ಕಾಂಗ್ರೆಸ್ಸಿಗೆ ಆರಿಸಿಬಂದಾಗ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಹೂಗುಚ್ಛಗಳ ಸುರಿಮಳೆ. ಆ ಪ್ರೈಮರಿಯಲ್ಲಿ ಮತ ಒಂಬತ್ತು ಮಂದಿಗೆ ಹಂಚಿಹೋಗಿ ಮೂರನೇ ಒಂದು ಪಾಲಿಗಿಂತ ಕಡಿಮೆ ಮತ ಪಡೆದೂ ಅವರು ಗೆದ್ದದ್ದು ಹೇಗೆ, ಡೆಟ್ರಾಯ್ಟ್‌ನ ಕಪ್ಪು ಜನರಿಗೆ ಅದರಿಂದ ಯಾಕೆ ನೋವಾಯಿತು ಎಂದು ಕನ್ನಡದಲ್ಲಿ ಯಾರಾದರೂ ವಿವರವಾಗಿ ಬರೆದಿದ್ದರೆ ನಾನು ಓದಿಲ್ಲ. ನಮ್ಮವರು ಗೆದ್ದರೆ ಸಂಭ್ರಮಿಸುವುದು ಸುಲಭ. ನಮ್ಮವರ ಬಗ್ಗೆಯೂ ಕಠಿಣವಾಗಿ ಬರೆಯಬಲ್ಲವರು ಬೇಕು.

ಕನ್ನಡದಲ್ಲೇ ಬರೆಯಿರಿ, ಇಂಗ್ಲಿಷಿನಲ್ಲೂ ಬರೆಯಿರಿ. ಕನ್ನಡದಲ್ಲಿ ಬರೆದರೆ, ಇಂಗ್ಲಿಷಿನ ರಾಜಕೀಯ ಓದದ ನಮ್ಮ ಹಿರಿಯರಿಗೆ, ಹೊಸದಾಗಿ ಪೌರತ್ವ ಪಡೆದು ಮೊದಲ ಬಾರಿ ಮತಪತ್ರ ಕೈಗೆತ್ತಿಕೊಂಡ ತಾಯಂದಿರಿಗೆ ನಿಮ್ಮ ಮಾತು ತಲುಪುತ್ತದೆ. ಕೌಂಟಿ ಗ್ರಂಥಾಲಯದಲ್ಲಿ ಅಭ್ಯರ್ಥಿ ನಡೆಸುವ ಸಭೆಗೆ ಹೋಗಿ ಹಿಂದಿನ ಸಾಲಿನಲ್ಲಿ ಕುಳಿತು ಟಿಪ್ಪಣಿ ಮಾಡಿಕೊಳ್ಳಿ. ಯಾರದಾದರೂ ಪ್ರಚಾರಕ್ಕೆ ಹಣ ಕೊಟ್ಟಿದ್ದರೆ, ಪಡೆದಿದ್ದರೆ, ಬರಹದ ತಲೆಯ ಮೇಲೆಯೇ ಹಾಕಿ. ಕೇಳಿದ್ದನ್ನು ಕಂಡದ್ದೆಂದು ಬರೆಯಬೇಡಿ. ಆರು ಮತದ ಅಂತರದಲ್ಲಿ ಒಂದು ಸುಳ್ಳು ಸುದ್ದಿಯೂ ಫಲಿತಾಂಶ ತಿರುಗಿಸಬಲ್ಲದು.

200 ಡಾಲರ್‌ಗಿಂತ ಹೆಚ್ಚು ದೇಣಿಗೆ ಕೊಟ್ಟ ಪ್ರತಿಯೊಬ್ಬರ ಹೆಸರು, ಊರು, ಉದ್ಯೋಗ ಚುನಾವಣಾ ಆಯೋಗದ ತಾಣದಲ್ಲಿ ಯಾರು ಬೇಕಾದರೂ ನೋಡಬಹುದಾದಂತೆ ಇದೆ. ಅದನ್ನು ತೆರೆದು ಓದುವುದು ಹೇಗೆ, ನಿಮ್ಮ ಕ್ಷೇತ್ರದ ಅಭ್ಯರ್ಥಿಗೆ ಹಣ ಎಲ್ಲಿಂದ ಬರುತ್ತಿದೆ ಎಂದು ಪತ್ತೆಮಾಡುವುದು ಹೇಗೆ ಎಂಬುದನ್ನು ಊಟದ ನಂತರದ ಗೋಷ್ಠಿಯಲ್ಲಿ ಮಾಡಿ ತೋರಿಸಲಿದ್ದಾರೆ. ಲ್ಯಾಪ್‌ಟಾಪ್ ತಂದವರು ಮುಂದಿನ ಸಾಲಿಗೆ ಬನ್ನಿ, ನಿಮ್ಮ ಕ್ಷೇತ್ರದ ಸಂಖ್ಯೆ ಗೊತ್ತಿಲ್ಲದವರು ಅಷ್ಟರೊಳಗೆ ತಿಳಿದುಕೊಂಡು ಬನ್ನಿ.