ನಕ್ಷೆಯನ್ನು ಕಲಿಯೋಣ, ನೆಲವನ್ನೂ ಕೇಳೋಣ

(ಸಂಘದ ವಾರ್ಷಿಕ ಸಭೆಯಲ್ಲಿ ಸದಸ್ಯರು ಹಾಗೂ ವಿದ್ಯಾರ್ಥಿಗಳನ್ನುದ್ದೇಶಿಸಿ ಮಾಡಿದ ಭಾಷಣದ ಬರಹ ರೂಪ)



ಹವಾಮಾನ ಬದಲಾವಣೆಯ ಕುರಿತು ಮಾತನಾಡಬೇಕೆಂದು ನನಗೆ ಸೂಚಿಸಿದ್ದಾರೆ. ಧ್ರುವಗಳಲ್ಲಿ ಹಿಮ ಕರಗುತ್ತಿರುವ ವಿಷಯವನ್ನು ನೀವು ಪಠ್ಯಪುಸ್ತಕಗಳಲ್ಲಿ ಓದಿದ್ದೀರಿ. ನಾನು ಅಷ್ಟು ದೂರ ಹೋಗುವುದಿಲ್ಲ. ನೇತ್ರಾವತಿಯ ದಡದಲ್ಲಿರುವ ಒಂದು ಎಕರೆ ಜಾಗದ ಕಥೆಯನ್ನಷ್ಟೇ ಹೇಳುತ್ತೇನೆ. ಅದು ನಮ್ಮದೇ ಜಾಗ. ಅಲ್ಲಿ ನಡೆದ ತಪ್ಪಿನಲ್ಲಿ ನನ್ನ ಪಾಲೂ ಇದೆ.

ಹಾಸ್ಟೆಲ್ ಕಟ್ಟಲೆಂದು ಆ ಜಾಗವನ್ನು ಖರೀದಿಸಿದೆವು. ಬೆಲೆ ಕಡಿಮೆ, ರಸ್ತೆ ಹತ್ತಿರ. ಕೆಲಸ ಆರಂಭಿಸುವ ಮುನ್ನ ಸಮಿತಿಯಲ್ಲಿ ಒಂದು ಪ್ರಶ್ನೆ ಬಂತು: 2019ರ ಆಗಸ್ಟ್‌ನಲ್ಲಿ ಬಂಟ್ವಾಳದಲ್ಲಿ ನದಿ ಉಕ್ಕಿದಾಗ ಇಲ್ಲಿಗೆ ನೀರು ಬಂದಿತ್ತೇ? ಪದವಿ ಓದುತ್ತಿದ್ದ ನಮ್ಮ ವಿದ್ಯಾರ್ಥಿಯೊಬ್ಬ ಲ್ಯಾಪ್‌ಟಾಪ್ ತೆರೆದು ನಕ್ಷೆ ತೋರಿಸಿದ. ಉಪಗ್ರಹ ಕಂಡ ನೆರೆನೀರು ಅದರಲ್ಲಿ ನೀಲಿ ಬಣ್ಣದಲ್ಲಿತ್ತು. ನಮ್ಮ ಜಾಗದ ಮೇಲೆ ಒಂದು ಹನಿ ನೀಲಿಯೂ ಇರಲಿಲ್ಲ. ಎಲ್ಲರಿಗೂ ಸಂತೋಷವಾಯಿತು. "ಇನ್ನೇನು, ಶಂಕುಸ್ಥಾಪನೆಗೆ ದಿನ ನೋಡಿ" ಎಂದು ಮೊದಲು ಹೇಳಿದವನು ನಾನೇ.

ಮರುವಾರ ಜಾಗ ಅಳೆಯಲು ಹೋದಾಗ ಪಕ್ಕದ ತೋಟದ ಅಜ್ಜ ಬೇಲಿಯ ಬಳಿ ಬಂದರು. "ಇಲ್ಲಿ ಮಕ್ಕಳನ್ನು ಮಲಗಿಸುತ್ತೀರಾ? ಮೊನ್ನೆಯ ನೆರೆ ಅರ್ಧ ಜಾಗದವರೆಗೆ ಬಂದು ಬೆಳಗಾಗುವುದರೊಳಗೆ ಇಳಿಯಿತು. ಎಪ್ಪತ್ನಾಲ್ಕರ ಬೊಳ್ಳದಲ್ಲಿ ಆ ಹಲಸಿನ ಮರದ ಕವಲಿನವರೆಗೆ ನೀರಿತ್ತು ಮಗಾ" ಎಂದರು. ನಮ್ಮ ಮೇಸ್ತ್ರಿ ಮಟ್ಟ ನೋಡುವ ನೀರಿನ ಪೈಪು ಹಿಡಿದು ಅಳೆದರು. ಅಜ್ಜ ತೋರಿಸಿದ ಗುರುತು ನಮ್ಮ ನೆಲಕ್ಕಿಂತ ನಾಲ್ಕೂವರೆ ಅಡಿ ಮೇಲಿತ್ತು.

ಹಾಗಾದರೆ ನಕ್ಷೆ ಸುಳ್ಳು ಹೇಳಿತೇ? ಇಲ್ಲ. ನಕ್ಷೆ ಏನು ಹೇಳುತ್ತದೆ, ಏನು ಹೇಳುವುದಿಲ್ಲ ಎಂಬುದನ್ನು ನಾವು ಕಲಿತಿರಲಿಲ್ಲ. ಮೋಡವನ್ನು ದಾಟಿ ರಾತ್ರಿಯಲ್ಲೂ ನೀರನ್ನು ಗುರುತಿಸಬಲ್ಲ ಸೆಂಟಿನೆಲ್-1 ರೇಡಾರ್ ಉಪಗ್ರಹವನ್ನು ಯುರೋಪಿನವರು 2014ರಲ್ಲಿ ಹಾರಿಸಿದರು. ಅದರ ಚಿತ್ರಗಳು ಎಲ್ಲರಿಗೂ ಉಚಿತ. ಆದರೆ ಅಂಥ ಒಂದು ಉಪಗ್ರಹ ಅದೇ ದಾರಿಯಲ್ಲಿ ಮರಳಿ ಬರಲು 12 ದಿನ ಬೇಕು. ನಮ್ಮ ನದಿಗಳು ಘಟ್ಟದಿಂದ ಧುಮುಕಿ ಒಂದೆರಡು ದಿನಗಳಲ್ಲಿ ಕಡಲು ಸೇರುತ್ತವೆ. ಅದು ನೋಡದ ಹೊತ್ತಿನಲ್ಲಿ ನೆರೆ ಬಂದು ಹೋಗಿರುತ್ತದೆ. ನೀಲಿ ಕಂಡರೆ ಅಲ್ಲಿ ನೀರಿತ್ತು ಎಂದರ್ಥ. ಕಾಣದಿದ್ದರೆ ನೀರು ಬಂದೇ ಇರಲಿಲ್ಲ ಎಂದರ್ಥವಲ್ಲ.

ವಿದ್ಯಾರ್ಥಿ ಮಿತ್ರರೇ, ಹೀಗಾಯಿತೆಂದು ಈ ವಿದ್ಯೆಯನ್ನು ಬಿಡಬೇಡಿ. ಸರಿಯಾಗಿ ಕಲಿಯಿರಿ. ಇದಕ್ಕೆ ದುಡ್ಡು ಬೇಕಿಲ್ಲ. ಇಸ್ರೋದ 'ಭುವನ್' 2009ರಿಂದ ಲಭ್ಯವಿದೆ. ನಕ್ಷೆ ತಯಾರಿಸುವ 'ಕ್ಯೂಜಿಐಎಸ್' ತಂತ್ರಾಂಶ ಉಚಿತ. ನೀವು ನಿಂತ ಜಾಗದ ಸರ್ವೆ ನಂಬರನ್ನು 'ದಿಶಾಂಕ್' ಆ್ಯಪ್ ಮೊಬೈಲಿನಲ್ಲೇ ತೋರಿಸುತ್ತದೆ. ಇವನ್ನು ಬಳಸುವಾಗ ಮೂರು ಮಾತುಗಳನ್ನು ನೆನಪಿಡಿ.

ಮೊದಲನೆಯದು, ಚೌಕದ ಅಳತೆ ಕೇಳಿ. ಭಾರತೀಯ ಹವಾಮಾನ ಇಲಾಖೆ 1901ರಿಂದ ಈಚಿನ ಮಳೆಯ ಲೆಕ್ಕವನ್ನು ಚೌಕಗಳಾಗಿ ವಿಂಗಡಿಸಿ ಕೊಟ್ಟಿದೆ. ಒಂದೊಂದು ಚೌಕದ ಬದಿ ಸುಮಾರು 27 ಕಿ.ಮೀ. ಇಡೀ ಜಿಲ್ಲೆಯ ಬದಲಾವಣೆ ತಿಳಿಯಲು ಅದು ಒಳ್ಳೆಯದು. ನಿಮ್ಮ ಊರಿನ ಮೋರಿ ಎಷ್ಟು ಅಗಲವಿರಬೇಕೆಂದು ಅದು ಹೇಳದು. ಅದಕ್ಕೆ ಹತ್ತಿರದ ಮಳೆಮಾಪಕದ ಲೆಕ್ಕ ಬೇಕು. ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯತ್ ಮಟ್ಟದಲ್ಲೇ ಸ್ವಯಂಚಾಲಿತ ಮಳೆಮಾಪಕಗಳನ್ನು ಇಟ್ಟಿದೆ. ಅವನ್ನು ಬಳಸಿಕೊಳ್ಳಿ.

ಎರಡನೆಯದು, ಸರಾಸರಿಯನ್ನು ನಂಬಿ ಕೂರಬೇಡಿ. ಮನೆ ಮುಳುಗಿಸುವುದು ವರ್ಷದ ಸರಾಸರಿಯಲ್ಲ, ಒಂದು ದಿನದ ಮಳೆ. ದಿನಕ್ಕೆ 204.4 ಮಿ.ಮೀ. ದಾಟಿದರೆ ಇಲಾಖೆ ಅದನ್ನು ಅತ್ಯಂತ ಭಾರೀ ಮಳೆ ಎನ್ನುತ್ತದೆ. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿ.ಮೀ. ಮಳೆಯೆಂದರೆ ಒಂದು ಲೀಟರ್ ನೀರು. 200 ಮಿ.ಮೀ. ಸುರಿದರೆ ಒಂದು ಎಕರೆಯಲ್ಲಿ ಎಂಟು ಲಕ್ಷ ಲೀಟರ್! ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ. 7ರಷ್ಟು ಹೆಚ್ಚು ನೀರಾವಿ ಹಿಡಿಯಬಲ್ಲುದು. ಅಂಥ ದಿನಗಳಿಗೆ ನಾವು ಮೊದಲೇ ಸಿದ್ಧರಾಗಬೇಕು.

ಮೂರನೆಯದು, ಎತ್ತರದ ನಕ್ಷೆಯನ್ನು ಕಾಲಿನಿಂದ ಪರೀಕ್ಷಿಸಿ. 2000ದ ಫೆಬ್ರವರಿಯಲ್ಲಿ ಅಮೆರಿಕದ ಎಂಡೆವರ್ ನೌಕೆ 11 ದಿನಗಳಲ್ಲಿ ಭೂಮಿಯ ಬಹುಭಾಗದ ಎತ್ತರ ಅಳೆಯಿತು. ಇಂದಿಗೂ ಎಲ್ಲರೂ ಆ ಲೆಕ್ಕವನ್ನು ಬಳಸುತ್ತಾರೆ. ಆದರೆ 30 ಮೀಟರ್ ಉದ್ದಗಲದ ಚೌಕಕ್ಕೆ ಅದು ಕೊಡುವುದು ಒಂದೇ ಎತ್ತರ. ನಮ್ಮ ಎಕರೆಗೆ ಸಿಗುವುದು ನಾಲ್ಕೈದು ಅಂಕಿ. ಸಾಲದ್ದಕ್ಕೆ ತೆಂಗು ಕಂಗಿನ ತೋಟವಿದ್ದಲ್ಲಿ ರೇಡಾರ್ ನೆಲವನ್ನು ಬಿಟ್ಟು ಮರದ ತಲೆಯನ್ನು ಅಳೆಯುತ್ತದೆ. ತಗ್ಗು ಜಾಗ ದಿಣ್ಣೆಯಂತೆ ಕಾಣುತ್ತದೆ. ಈ ದೋಷವನ್ನು ತಿದ್ದಿ 2019ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, 2050ರ ವೇಳೆಗೆ ಕಡಲ ನೆರೆಯ ಅಪಾಯಕ್ಕೊಳಗಾಗುವ ಜನರ ಸಂಖ್ಯೆ ಹಿಂದಿನ ಅಂದಾಜಿನ ಮೂರು ಪಟ್ಟಿಗೂ ಮಿಕ್ಕಿ, ಸುಮಾರು 30 ಕೋಟಿಯಾಯಿತು.

ನಕ್ಷೆ ಹೇಳಿದ್ದನ್ನು ಜನರ ಮಾತಿನೊಂದಿಗೆ ಹೋಲಿಸಿ ನೋಡುವುದು ಹೊಸದೇನಲ್ಲ. 1154ರಲ್ಲಿ ಸಿಸಿಲಿಯ ದೊರೆ ಎರಡನೇ ರೋಜರ್‌ಗಾಗಿ ಅಲ್ ಇದ್ರೀಸಿ ಜಗತ್ತನ್ನು ಏಳು 'ಇಕ್ಲೀಮ್'ಗಳಾಗಿ ವಿಂಗಡಿಸಿ 70 ನಕ್ಷೆಗಳನ್ನು ಪೂರ್ಣಗೊಳಿಸಿದರು. ಆ ಪದವೂ ಇಂದಿನ 'ಕ್ಲೈಮೇಟ್' ಪದವೂ ಒಂದೇ ಗ್ರೀಕ್ ಮೂಲದವು. ಪ್ರವಾಸಿಗರನ್ನು ಒಟ್ಟಿಗೂ ಬೇರೆ ಬೇರೆಯಾಗಿಯೂ ವಿಚಾರಿಸಿ, ಮಾತು ತಾಳೆಯಾದುದನ್ನಷ್ಟೇ ಆ ನಕ್ಷೆಗೆ ತೆಗೆದುಕೊಳ್ಳಲಾಯಿತು. ನಾವು ಬೇಲಿಯಾಚೆಯ ಅಜ್ಜನನ್ನೂ ಕೇಳಿರಲಿಲ್ಲ.

ಕೊನೆಗೆ ಆ ಜಾಗದಲ್ಲಿ ಹಾಸ್ಟೆಲ್ ಕಟ್ಟಲಿಲ್ಲ. ಬೇರೆ ಜಾಗ ಹುಡುಕಲು ಎರಡು ವರ್ಷ ಹಿಡಿಯಿತು. ದಾನಿಗಳು ಬೇಸರಪಟ್ಟರು, ಅವರ ಬೇಸರ ನ್ಯಾಯವಾದುದೇ. ಖರೀದಿಗೆ ಮುಂಚೆ ಒಂದು ದಿನ ವಿಚಾರಿಸಿದ್ದರೆ ಅವರ ದುಡ್ಡು ಉಳಿಯುತ್ತಿತ್ತು. ಈಗ ಅಲ್ಲಿ ಮಕ್ಕಳು ಆಡುತ್ತಾರೆ. ಹಲಸಿನ ಮರಕ್ಕೆ ಕೆಂಪು ಗೆರೆ ಎಳೆದು '1974' ಎಂದು ಬರೆಸಿದ್ದೇವೆ.

ವಿದ್ಯಾರ್ಥಿಗಳಿಗೆ ನನ್ನ ಕೋರಿಕೆ ಇಷ್ಟೇ. ಈ ಮಳೆಗಾಲಕ್ಕೆ ಮುಂಚೆ ನಿಮ್ಮ ನಿಮ್ಮ ವಾರ್ಡಿನ ನಕ್ಷೆ ಮಾಡಿ. ಶಾಲೆ, ಅಂಗನವಾಡಿ, ಬಾವಿ, ಮೋರಿ ಗುರುತಿಸಿ. ಹಿರಿಯರನ್ನು ಕರೆದುಕೊಂಡು ನಡೆದು, ಯಾವ ನೆರೆ ಎಲ್ಲಿಯವರೆಗೆ ಬಂದಿತ್ತೆಂದು ಬರೆದುಕೊಳ್ಳಿ. ಪಂಚಾಯತ್ ಅಭಿವೃದ್ಧಿ ಯೋಜನೆ ರೂಪುಗೊಳ್ಳುವ ಗ್ರಾಮಸಭೆಗೆ ಅದನ್ನು ಒಯ್ಯಿರಿ. "ನಮ್ಮ ಮೋರಿ ಚಿಕ್ಕದು" ಎಂಬ ಮಾತು ಅಲ್ಲಿ ಮರೆತುಹೋಗಬಹುದು. ಅಳತೆ, ವರ್ಷ, ಸರ್ವೆ ನಂಬರು ಇರುವ ಹಾಳೆಯನ್ನು ಪಕ್ಕಕ್ಕಿಡುವುದು ಸುಲಭವಲ್ಲ.

ಸದಸ್ಯರಿಗೂ ಒಂದು ಮಾತು. ಮುಂದಿನ ಸಲ ಜಾಗದ ಪ್ರಸ್ತಾಪ ಬಂದಾಗ ದಸ್ತಾವೇಜಿನ ಜೊತೆ ಈ ಮಕ್ಕಳ ನಕ್ಷೆಯನ್ನೂ ತರಿಸಿಕೊಳ್ಳಿ. ನೆರೆಮನೆಯವರನ್ನು ವಿಚಾರಿಸಿದ ಮೇಲಷ್ಟೇ ಸಹಿ ಹಾಕಿ.