ಕಣ್ಣಿನ ಒತ್ತಡ ಮತ್ತು ದೃಷ್ಟಿಯ ಜೋಪಾನ



ಈ ಹೊತ್ತು ನಾನು ಬೀಜದ ಮಾತನ್ನಾಗಲಿ ಗೊಬ್ಬರದ ಮಾತನ್ನಾಗಲಿ ಆಡುವುದಿಲ್ಲ. ಬೀಜ ಆರಿಸಲಿಕ್ಕೆ, ಕಳೆ ಗುರುತಿಸಲಿಕ್ಕೆ, ಸಂತೆಯಲ್ಲಿ ಎತ್ತಿನ ಹಲ್ಲು ನೋಡಲಿಕ್ಕೆ ಬೇಕಾದ ಕಣ್ಣಿನ ಮಾತನ್ನು ಆಡುತ್ತೇನೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದೂ ತಾಲ್ಲೂಕುಗಳು ಹೆಚ್ಚಾಗಿ ಮಳೆಯನ್ನೇ ನೆಚ್ಚಿದ ಸೀಮೆ. ಜೋಳ, ಮೆಕ್ಕೆಜೋಳ, ಶೇಂಗಾ, ನವಣೆ ಬೆಳೆಯುವ ನೆಲ. ಬಿಸಿಲು, ಗಾಳಿ, ದೂಳಿನ ನೆಲ. ಇಲ್ಲಿ ಕಣ್ಣಿಗೆ ದುಡಿಮೆ ಹೆಚ್ಚು, ಜೋಪಾನ ಕಡಿಮೆ.

ಮನೆಯ ಹಿರಿಯರಿಗೆ ಕಣ್ಣು ಮಂಜಾದರೆ ನಾವು ಏನನ್ನುತ್ತೇವೆ? "ಪೊರಿ ಬಂದೈತಿ. ಇನ್ನಷ್ಟು ಬಲೀಲಿ. ಸುಗ್ಗಿ ಮುಗೀಲಿ, ಆಮ್ಯಾಲೆ ತೋರಿಸಿದರಾತು." ಹೀಗೆಂದು ಒಂದು ವರ್ಷ, ಎರಡು ವರ್ಷ ದಾಟಿಸುತ್ತೇವೆ. ಈ ಮಾತಿನಲ್ಲಿ ಒಂದು ದೊಡ್ಡ ಅಪಾಯ ಅಡಗಿದೆ. ಮಂಜು ಬಂದದ್ದೆಲ್ಲ ಪೊರೆಯಲ್ಲ. ಹೊರಗಿನಿಂದ ನೋಡಿದರೆ ಪೊರೆಯಂತೆಯೇ ತೋರುವ ಇನ್ನೊಂದು ರೋಗವುಂಟು. ಅದಕ್ಕೆ ಗ್ಲಾಕೋಮಾ ಎಂದು ಹೆಸರು. ಕಣ್ಣಿನೊಳಗಿನ ಒತ್ತಡ ಏರಿ ಹೆಚ್ಚಾಗಿ ಬರುವ ರೋಗ ಅದು.

ಮೊದಲು ಇವೆರಡರ ವ್ಯತ್ಯಾಸ ತಿಳಿಯೋಣ. ಕಣ್ಣಿನ ಕರಿಗುಡ್ಡೆಯ ಹಿಂದೆ ಒಂದು ತಿಳಿಯಾದ ಮಸೂರ ಇದೆ. ವಯಸ್ಸಾದಂತೆ ಅದು ಮಬ್ಬಾಗುವುದೇ ಪೊರೆ. ಮಬ್ಬಾದ ಮಸೂರವನ್ನು ತೆಗೆದು ಹೊಸದೊಂದನ್ನು ಕೂಡಿಸಿದರೆ ಸಾಮಾನ್ಯವಾಗಿ ದೃಷ್ಟಿ ಮರಳಿ ಬರುತ್ತದೆ. ಈ ನಂಬಿಕೆಯನ್ನು ನಮ್ಮ ಹಳ್ಳಿಗಳಿಗೆ ತಂದುಕೊಟ್ಟವರಲ್ಲಿ ಡಾಕ್ಟರ್ ಎಂ. ಸಿ. ಮೋದಿಯವರ ಹೆಸರು ಹಿರಿಯರಿಗೆಲ್ಲ ಗೊತ್ತು. ಬೀಳಗಿಯಲ್ಲಿ 1916ರಲ್ಲಿ ಹುಟ್ಟಿದ ಅವರು ಊರೂರಿಗೆ ಹೋಗಿ ಶಿಬಿರ ನಡೆಸಿ ಬಡವರ ಪೊರೆ ತೆಗೆದರು. ಒಂದೇ ದಿನದಲ್ಲಿ 833 ಶಸ್ತ್ರಚಿಕಿತ್ಸೆ ಮಾಡಿದ ದಾಖಲೆಯೂ ಅವರ ಹೆಸರಿನಲ್ಲಿದೆ. 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ಪಡೆದು, 2005ರಲ್ಲಿ ಅವರು ತೀರಿಕೊಂಡರು. ಕುರುಡರು ಕಂಡರು, ನಡೆದು ಮನೆಗೆ ಬಂದರು ಎಂಬ ಮಾತು ಅಂದು ಊರೂರಲ್ಲಿ ಹಬ್ಬಿತು. ಅದರಿಂದ ಜನರ ಭಯ ಹೋಯಿತು. ಆದರೆ ಕಣ್ಣು ಹೋದರೂ ಎಂದಾದರೂ ತಿರುಗಿ ಬರುತ್ತದೆ ಎಂಬ ಧೈರ್ಯವೂ ಬೆಳೆಯಿತು. ಪೊರೆಗೆ ಈ ಧೈರ್ಯ ಸಲ್ಲುತ್ತದೆ. ಒತ್ತಡಕ್ಕೆ ಸಲ್ಲದು. ಒತ್ತಡದಿಂದ ಹೋದ ದೃಷ್ಟಿಯನ್ನು ಮರಳಿ ತರುವ ಔಷಧಿಯಾಗಲಿ ಶಸ್ತ್ರವಾಗಲಿ ಇಂದಿಗೂ ಇಲ್ಲ. ಉಳಿದಷ್ಟನ್ನು ಕಾಯಬಹುದು, ಅಷ್ಟೇ.

ಈ ಒತ್ತಡ ಎಂದರೇನು? ಕೆರೆಯ ಲೆಕ್ಕದಿಂದ ಹೇಳುತ್ತೇನೆ. ಕೆರೆಗೆ ಹಳ್ಳದ ನೀರು ಬರುತ್ತದೆ, ತೂಬಿನಿಂದ ಹೊರಗೆ ಹರಿಯುತ್ತದೆ. ಬರುವುದೂ ಹೋಗುವುದೂ ಸರಿಯಾಗಿದ್ದರೆ ಏರಿ ಭದ್ರ. ತೂಬಿಗೆ ಹೂಳು ತುಂಬಿದರೆ ನೀರು ಏರುತ್ತದೆ, ಏರಿಯ ಮೇಲೆ ಭಾರ ಬೀಳುತ್ತದೆ, ಎಲ್ಲಿ ಬಲ ಕಡಿಮೆಯೋ ಅಲ್ಲಿ ಜಿನುಗಲಿಕ್ಕೆ ಹತ್ತುತ್ತದೆ. ಕಣ್ಣಿನೊಳಗೂ ಹೀಗೆ ತಿಳಿನೀರು ಹಗಲೂ ರಾತ್ರಿ ಊರುತ್ತದೆ, ಕರಿಗುಡ್ಡೆಯ ಅಂಚಿನ ಸಣ್ಣ ಜರಡಿಯಂಥ ದಾರಿಯಿಂದ ಹೊರಗೆ ಹೋಗುತ್ತದೆ. ಇದು ಅಳುವಾಗ ಬರುವ ಕಣ್ಣೀರಲ್ಲ, ಒಳಗಿನ ನೀರು. ಆ ಜರಡಿ ಕಟ್ಟಿದರೆ ಒತ್ತಡ ಏರುತ್ತದೆ. ಕಣ್ಣಿನಲ್ಲಿ ಬಲ ಕಡಿಮೆ ಇರುವ ಜಾಗ ಹಿಂದಿನ ನರದ ಬುಡ. ಕಂಡದ್ದನ್ನು ಮೆದುಳಿಗೆ ಮುಟ್ಟಿಸುವ ಆ ನರದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಎಳೆಗಳಿವೆ. ಒತ್ತಡಕ್ಕೆ ಅವು ಒಂದೊಂದಾಗಿ ಸಾಯುತ್ತವೆ. ಸತ್ತ ಎಳೆ ಮತ್ತೆ ಚಿಗುರುವುದಿಲ್ಲ.

ಸಾಮಾನ್ಯವಾಗಿ ಕಣ್ಣಿನ ಒತ್ತಡ ಪಾದರಸದ ಅಳತೆಯಲ್ಲಿ 10ರಿಂದ 21 ಮಿಲಿಮೀಟರಿನೊಳಗೆ ಇರುತ್ತದೆ. ಒತ್ತಡ ಇದಕ್ಕೆ ಮೀರಿದವರಿಗೆಲ್ಲ ರೋಗ ಇದೆ ಎಂದಲ್ಲ. ಕೆಲವರಿಗೆ ಇದರೊಳಗೇ ಇದ್ದೂ ನರ ಕೆಡುತ್ತದೆ. ಅದಕ್ಕೇ ವೈದ್ಯರು ಒತ್ತಡ ಅಳೆದು ಬಿಡುವುದಿಲ್ಲ, ನರದ ಬುಡವನ್ನೂ ನೋಡುತ್ತಾರೆ. ಇಲ್ಲಿ ಒಂದು ತಪ್ಪು ತಿಳಿವಳಿಕೆ ಬಿಡಬೇಕು. "ನಮ್ಮಪ್ಪನ ಬಿ.ಪಿ. ನೋಡಿಸೀವ್ರಿ, ಸರಿ ಐತಿ" ಎನ್ನುತ್ತಾರೆ. ತೋಳಿಗೆ ಪಟ್ಟಿ ಕಟ್ಟಿ ನೋಡುವುದು ರಕ್ತದ ಒತ್ತಡ. ಕಣ್ಣಿನ ಒತ್ತಡವೇ ಬೇರೆ, ಅದನ್ನು ಕಣ್ಣಿಗೇ ಉಪಕರಣ ಹಿಡಿದು ಅಳೆಯಬೇಕು. ಒಂದು ಸರಿ ಇದ್ದರೆ ಇನ್ನೊಂದೂ ಸರಿ ಎಂದು ತಿಳಿಯಬೇಡಿ.

ಈ ರೋಗದ ದೊಡ್ಡ ಕೇಡು ಅದರ ಮೌನ. ಹೆಚ್ಚಿನವರಿಗೆ ನೋವಿಲ್ಲ, ಕೆಂಪಿಲ್ಲ, ನೀರು ಸುರಿಯುವುದಿಲ್ಲ. ಎದುರಿಗಿನದು ಕೊನೆಯ ತನಕ ಚೆನ್ನಾಗಿಯೇ ಕಾಣುತ್ತದೆ. ಮೊದಲು ಹೋಗುವುದು ಅಂಚಿನ ನೋಟ. ಹೊಲದ ನಾಲ್ಕೂ ಬದುಗಳಿಂದ ಕಳೆ ಒಳಗೊಳಗೆ ಬಂದು ನಡುವೆ ಒಂದು ಮಡಿ ಮಾತ್ರ ಉಳಿದ ಹಾಗೆ. ನಡೆಯುವಾಗ ಪಕ್ಕದ ಕೊಡ ಎಡವುವುದು, ಬಾಗಿಲ ಚೌಕಟ್ಟಿಗೆ ಭುಜ ತಾಗುವುದು, ಬದಿಯಿಂದ ಬಂದ ಬಂಡಿ, ಮೋಟಾರು ಕಾಣದೆ ಹೋಗುವುದು, ಇವೆಲ್ಲ ಅದರ ಗುರುತಾಗಬಹುದು. ನಾವು "ವಯಸ್ಸಾತು, ಲಕ್ಷ್ಯ ಇಲ್ಲ" ಎಂದು ಗದರಿಸಿ ಸುಮ್ಮನಾಗುತ್ತೇವೆ. ಒಂದು ಕಣ್ಣು ಪೂರ್ತಿ ಹೋದರೂ ಇನ್ನೊಂದು ಕಣ್ಣು ಅದರ ಕೊರತೆ ತುಂಬುವುದರಿಂದ ರೋಗಿಗೇ ಗೊತ್ತಾಗದೆ ಇರುತ್ತದೆ. ನಮ್ಮ ದೇಶದಲ್ಲಿ ನಲವತ್ತು ದಾಟಿದವರಲ್ಲಿ ಒಂದು ಕೋಟಿಗೂ ಹೆಚ್ಚು ಮಂದಿಗೆ ಈ ರೋಗ ಇದೆಯೆಂದು ಅಂದಾಜು. ದಕ್ಷಿಣ ಭಾರತದಲ್ಲಿ ನಡೆದ ಸಮೀಕ್ಷೆಗಳಲ್ಲಿ ಸಿಕ್ಕ ರೋಗಿಗಳ ಪೈಕಿ ಹತ್ತರಲ್ಲಿ ಒಂಬತ್ತು ಮಂದಿಗೆ ತಮಗೆ ರೋಗ ಇರುವುದೇ ಗೊತ್ತಿರಲಿಲ್ಲ.

ಹಾಗಾದರೆ ಯಾರು ಎಚ್ಚರ ವಹಿಸಬೇಕು? ನಲವತ್ತು ದಾಟಿದ ಎಲ್ಲರೂ. ಅದರಲ್ಲೂ ತಂದೆ, ತಾಯಿ, ಅಣ್ಣ, ತಮ್ಮ, ಅಕ್ಕ, ತಂಗಿ ಯಾರಿಗಾದರೂ ಈ ರೋಗ ಇದ್ದವರು, ಏಕೆಂದರೆ ಅವರಿಗೆ ಬರುವ ಸಂಭವ ಬೇರೆಯವರಿಗಿಂತ ಹಲವು ಪಟ್ಟು ಹೆಚ್ಚು. ಸಕ್ಕರೆ ರೋಗದವರು, ಹಿಂದೆ ಕಣ್ಣಿಗೆ ಪೆಟ್ಟು ಬಿದ್ದವರು, ದಪ್ಪ ಕನ್ನಡಕ ಹಾಕುವವರೂ ಈ ಪಟ್ಟಿಯಲ್ಲಿದ್ದಾರೆ. ನೆನಪಿಗೆ ಒಂದು ಸುಲಭ ಉಪಾಯ ಹೇಳುತ್ತೇನೆ. ನಲವತ್ತರ ಸುಮಾರಿಗೆ ಸೂಜಿಗೆ ದಾರ ಪೋಣಿಸಲಾಗದೆ, ಪಹಣಿಯ ಅಕ್ಷರ ಕಾಣದೆ ಚಾಳೀಸು ಬೇಕಾಗುತ್ತದೆ. ಎಷ್ಟೋ ಜನ ಜಾತ್ರೆಯಲ್ಲಿ, ಸಂತೆಯಲ್ಲಿ ಒಂದು ಚಾಳೀಸು ಕೊಂಡು ಕೆಲಸ ಮುಗಿಯಿತೆನ್ನುತ್ತಾರೆ. ಹಾಗೆ ಮಾಡಬೇಡಿ. ಚಾಳೀಸು ಬೇಕಾದ ವರ್ಷವೇ ಕಣ್ಣಿನ ಒತ್ತಡ ಅಳೆಸುವ ವರ್ಷ ಎಂದು ಇಟ್ಟುಕೊಳ್ಳಿ. ಕನ್ನಡಕವನ್ನು ಕಣ್ಣು ಪರೀಕ್ಷಿಸಿದವರ ಚೀಟಿಯ ಮೇಲೆ ಕೊಳ್ಳಿ. ಮುಂದೆ ಎಷ್ಟು ದಿನಕ್ಕೊಮ್ಮೆ ಬರಬೇಕೆಂದು ಆಗಲೇ ಕೇಳಿಕೊಳ್ಳಿ.

ಈ ರೋಗದ ಇನ್ನೊಂದು ಜಾತಿ ಮೌನವಾಗಿ ಬರುವುದಿಲ್ಲ, ಸಿಡಿಲಿನಂತೆ ಬರುತ್ತದೆ. ತೂಬು ಒಮ್ಮೆಲೇ ಮುಚ್ಚಿದಂತೆ ಒತ್ತಡ ಏಕಾಏಕಿ ಏರುತ್ತದೆ. ಒಂದು ಕಣ್ಣು ಕೆಂಪಾಗಿ ತಡೆಯಲಾರದ ನೋವು, ಅದೇ ಬದಿಗೆ ತಲೆಶೂಲೆ, ವಾಂತಿ, ಮಂಜು, ದೀಪದ ಸುತ್ತ ಬಣ್ಣಬಣ್ಣದ ಬಳೆ. ವಾಂತಿ ಕಂಡು "ಪಿತ್ತ ಆಗೈತಿ" ಎಂದು ನಿಂಬೆ ಪಾನಕ ಕೊಟ್ಟು ಮಲಗಿಸಬೇಡಿ. ಬೆಳಗಾಗಲಿ ಎಂದು ಕಾಯಬೇಡಿ. ಅಂದೇ ಆಸ್ಪತ್ರೆಗೆ ಹೊರಡಿ. ಆ ಕಣ್ಣಿಗೆ ಗಂಟೆಗಳ ಲೆಕ್ಕ.

ಇನ್ನು "ಬಲಿಯಲಿ" ಎಂಬ ಮಾತಿಗೆ ಮತ್ತೆ ಬರುತ್ತೇನೆ. ಪೊರೆ ಅತಿಯಾಗಿ ಬಲಿತರೆ ಅದೇ ಉಬ್ಬಿ ನೀರಿನ ದಾರಿ ಮುಚ್ಚಬಹುದು, ಇಲ್ಲವೆ ಒಳಗೇ ಸೋರಿ ಜರಡಿ ಕಟ್ಟಿಸಬಹುದು. ಆಗ ಪೊರೆಯಿಂದಲೇ ಒತ್ತಡ ಹುಟ್ಟುತ್ತದೆ. ಪೊರೆ ಬಲಿತ ಮೇಲೆಯೇ ತೆಗೆಸಬೇಕೆಂಬುದು ಹಳೆಯ ಕಾಲದ ಪದ್ಧತಿ. ಈಗಿನ ಶಸ್ತ್ರಚಿಕಿತ್ಸೆಗೆ ಬಲಿಯುವ ತನಕ ಕಾಯಬೇಕಿಲ್ಲ. ಮಂಜು ಪೊರೆಯದೋ ಒತ್ತಡದ್ದೋ ಎಂದು ಮನೆಯಲ್ಲಿ ಕೂತು ಹೇಳಲಾಗದು. ಪರೀಕ್ಷೆ ಮಾಡಿಯೇ ಹೇಳಬೇಕು.

ತಾಯಂದಿರು ಗಮನಿಸಬೇಕಾದ ಮಾತು ಮುಂದಿನದು. ಬೇಸಿಗೆಯ ಒಣ ಹವೆಗೆ, ದೂಳಿಗೆ ಎಷ್ಟೋ ಮಕ್ಕಳಿಗೆ ಕಣ್ಣು ತುರಿಸುತ್ತದೆ, ಕೆಂಪಾಗುತ್ತದೆ. ಯಾರೋ ಹೇಳಿದರೆಂದು ಅಂಗಡಿಯಿಂದ ಹನಿ ತಂದು ಹಾಕುತ್ತೇವೆ. ಒಂದೇ ದಿನದಲ್ಲಿ ಕೆಂಪು ಇಳಿಯುತ್ತದೆ. ಅಂಥ ಹನಿಗಳಲ್ಲಿ ಎಷ್ಟೋ ಸಲ ಸ್ಟೀರಾಯ್ಡ್ ಎಂಬ ಔಷಧಿ ಇರುತ್ತದೆ. ಚೀಟಿಯ ಮೇಲೆ ಬೀಟಾಮೆಥಸೋನ್, ಡೆಕ್ಸಾಮೆಥಸೋನ್ ಎಂದಿದ್ದರೆ ಅದು ಇದೇ. ವೈದ್ಯರ ಕಣ್ಣೆದುರು ಕೆಲವು ದಿನ ಹಾಕಿದರೆ ಒಳ್ಳೆಯ ಔಷಧಿ. ತಿಂಗಳುಗಟ್ಟಲೆ ನಾವೇ ಹಾಕಿದರೆ ಒತ್ತಡ ಏರಿಸಿ, ಆಡುವ ಮಗುವಿನ ಕಣ್ಣನ್ನು ಸದ್ದಿಲ್ಲದೆ ಕಸಿಯುತ್ತದೆ. ಒಬ್ಬರಿಗೆ ಬರೆದ ಹನಿಯನ್ನು ಇನ್ನೊಬ್ಬರಿಗೆ ಹಾಕಬೇಡಿ. ಕೀಲುನೋವಿಗೋ ದಮ್ಮಿಗೋ ಬಹಳ ಕಾಲ ಸ್ಟೀರಾಯ್ಡ್ ತೆಗೆದುಕೊಳ್ಳುವವರು ಅದನ್ನು ತಾವೇ ನಿಲ್ಲಿಸುವುದು ಬೇಡ. ಕಣ್ಣಿನ ಒತ್ತಡ ನೋಡಿಸಿಕೊಳ್ಳಿ.

ರೋಗ ಇದೆಯೆಂದು ತಿಳಿದರೆ ಎದೆಗುಂದಬೇಕಿಲ್ಲ. ಒತ್ತಡ ಇಳಿಸುವ ಹನಿಗಳಿವೆ, ಲೇಸರ್ ಇದೆ, ನೀರು ಹೋಗಲು ಹೊಸ ದಾರಿ ಮಾಡುವ ಶಸ್ತ್ರಚಿಕಿತ್ಸೆ ಇದೆ. ಹೆಚ್ಚಿನವರಿಗೆ ಮೊದಲು ಹನಿ. ಇದು ಬಹುಮಟ್ಟಿಗೆ ಜೀವಮಾನದ ಕೆಲಸ. ಹನಿ ಹಾಕಿದರೆ ನೋಟ ಹೆಚ್ಚುವುದಿಲ್ಲ, ಬಿಟ್ಟರೆ ಅಂದೇ ತೊಂದರೆ ಕಾಣುವುದಿಲ್ಲ. ಅದಕ್ಕೇ ಜನ ಬಿಟ್ಟುಬಿಡುತ್ತಾರೆ. ಹನಿ ಇರುವುದು ಹೆಚ್ಚಿನದನ್ನು ಕೊಡಲಿಕ್ಕಲ್ಲ, ಇದ್ದದ್ದನ್ನು ಕಾಯಲಿಕ್ಕೆ. ಹೊಲಕ್ಕೆ ಬೇಲಿ ಇದ್ದ ಹಾಗೆ. ಸುಗ್ಗಿ ಮುಗಿಸಿ ಗುಳೆ ಹೋಗುವವರು ಬುತ್ತಿಯ ಗಂಟಿನಲ್ಲಿ ಹನಿಯ ಬಾಟಲಿಯನ್ನೂ ವೈದ್ಯರ ಚೀಟಿಯನ್ನೂ ಮರೆಯದೆ ಇಟ್ಟುಕೊಳ್ಳಬೇಕು. ದಮ್ಮು ಇರುವವರು, ಹೃದಯದ ತೊಂದರೆ ಇರುವವರು ಅದನ್ನು ವೈದ್ಯರಿಗೆ ಮೊದಲೇ ಹೇಳಬೇಕು, ಏಕೆಂದರೆ ಕೆಲವು ಹನಿಗಳು ಅಂಥವರಿಗೆ ಒಗ್ಗುವುದಿಲ್ಲ.

ಹನಿ ಹಾಕುವ ಕ್ರಮವನ್ನೂ ಹೇಳುತ್ತೇನೆ. ಕೈ ತೊಳೆಯಿರಿ. ತಲೆ ಹಿಂದಕ್ಕೆ ಬಾಗಿಸಿ ಕೆಳರೆಪ್ಪೆಯನ್ನು ಮೆಲ್ಲಗೆ ಎಳೆದು ಒಂದೇ ಹನಿ ಬಿಡಿ. ಬಾಟಲಿಯ ತುದಿ ಕಣ್ಣಿಗಾಗಲಿ ಬೆರಳಿಗಾಗಲಿ ತಾಗಬಾರದು. ಆಮೇಲೆ ಕಣ್ಣು ಮುಚ್ಚಿ, ಮೂಗಿನ ಬದಿಯ ಮೂಲೆಯನ್ನು ಎರಡು ನಿಮಿಷ ಒತ್ತಿ ಹಿಡಿಯಿರಿ. ಎರಡು ಬಗೆಯ ಹನಿ ಇದ್ದರೆ ನಡುವೆ ಐದು ನಿಮಿಷ ಬಿಡಿ. ಒಡೆದ ಬಾಟಲಿಯನ್ನು ಸಾಮಾನ್ಯವಾಗಿ ಒಂದು ತಿಂಗಳ ಮೇಲೆ ಬಳಸಬಾರದು. ಸಂಜೆ ದೀಪ ಹಚ್ಚುವ ಹೊತ್ತು, ರಾತ್ರಿ ಮಲಗುವ ಹೊತ್ತು ಹೀಗೆ ಒಂದು ಗುರುತು ಇಟ್ಟುಕೊಂಡರೆ ಮರೆವು ಆಗದು. ಮುದುಕರಿಗೆ ಕೈ ನಡುಗಿದರೆ ಸೊಸೆಯೋ ಮೊಮ್ಮಗನೋ ಹಾಕಬೇಕು.

ಎಲ್ಲಿಗೆ ಹೋಗಬೇಕು? ಮೊದಲು ನಿಮ್ಮ ಆರೋಗ್ಯ ಕೇಂದ್ರದಲ್ಲಿ, ಆಶಾ ಕಾರ್ಯಕರ್ತೆಯರಲ್ಲಿ ವಿಚಾರಿಸಿ. ತಾಲ್ಲೂಕು ಆಸ್ಪತ್ರೆಗೆ ಕಣ್ಣಿನ ವೈದ್ಯರು ಯಾವ ದಿನ ಸಿಗುತ್ತಾರೆಂದು ತಿಳಿದುಕೊಳ್ಳಿ. ಹೆಚ್ಚಿನ ಪರೀಕ್ಷೆಗೆ ಬಳ್ಳಾರಿಯಲ್ಲಿ 1961ರಲ್ಲಿ ಆರಂಭವಾದ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ, ಬೆಂಗಳೂರಿನಲ್ಲಿ ಮಿಂಟೋ ಕಣ್ಣಾಸ್ಪತ್ರೆ ಇದೆ. ಅಂಧತ್ವ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮ 1976ರಿಂದ ನಡೆಯುತ್ತಿದೆ. ಊರಿಗೆ ಪೊರೆಯ ಶಿಬಿರ ಬಂದಾಗ ಸುಮ್ಮನೆ ಸಾಲಿನಲ್ಲಿ ನಿಂತು ಬರಬೇಡಿ. "ಒತ್ತಡಾನೂ ನೋಡ್ರಿ, ನರಾನೂ ನೋಡ್ರಿ" ಎಂದು ಬಾಯಿಬಿಟ್ಟು ಕೇಳಿ. ಕೇಳುವುದರಲ್ಲಿ ಸಂಕೋಚವೇನೂ ಇಲ್ಲ.

ಕಡೆಗೆ, ಹೊಲಮನೆಯ ಕೆಲವು ಎಚ್ಚರಿಕೆಗಳು. ಮೆಕ್ಕೆಜೋಳದ ಗರಿ, ಜೋಳದ ರವುದಿ, ಶೇಂಗಾ ಹೊಟ್ಟು ಕಣ್ಣಿಗೆ ತಾಗಿ ಗೀರಿದರೆ ಅದರಿಂದ ಹುಣ್ಣಾಗಬಹುದು, ಹುಣ್ಣು ಮಾಯ್ದ ಮೇಲೆ ಕಣ್ಣಲ್ಲಿ ಬಿಳಿಯ ಹೂ ಉಳಿಯಬಹುದು. ಎದೆಹಾಲು, ಸೊಪ್ಪಿನ ರಸ, ಹರಳೆಣ್ಣೆ ಹಾಕಬೇಡಿ. ನಾಲಿಗೆಯಿಂದ ಕಸ ತೆಗೆಸಬೇಡಿ. ಶುದ್ಧ ನೀರಿನಿಂದ ತೊಳೆದು ಅಂದೇ ವೈದ್ಯರಿಗೆ ತೋರಿಸಿ. ಒಕ್ಕುವಾಗ, ತೂರುವಾಗ, ಔಷಧಿ ಹೊಡೆಯುವಾಗ ಕನ್ನಡಕ ಧರಿಸಿ. ಸುಣ್ಣವೋ ಬೆಳೆಯ ಔಷಧಿಯೋ ಕಣ್ಣಿಗೆ ಸಿಡಿದರೆ ನಿಂತ ಜಾಗದಲ್ಲೇ ಅರ್ಧ ಗಂಟೆ ಧಾರೆಯಾಗಿ ನೀರು ಬಿಟ್ಟು ತೊಳೆದು, ಆಮೇಲೆ ಆಸ್ಪತ್ರೆಗೆ ಓಡಿ. ಮೈಲಾರದ ಜಾತ್ರೆಯಲ್ಲಿ ಭಂಡಾರ ಕಣ್ಣಿಗೆ ಬಿದ್ದರೆ ಉಜ್ಜಬೇಡಿ, ತೊಳೆಯಿರಿ. ಮಕ್ಕಳಿಗೆ ಮುಸ್ಸಂಜೆ ಕಾಣದಿದ್ದರೆ ಅದು ಇರುಳುಗುರುಡು. ಒಂಬತ್ತು ತಿಂಗಳಿಂದ ಐದು ವರ್ಷದ ತನಕ ಆರು ತಿಂಗಳಿಗೊಮ್ಮೆ ಎ ಜೀವಸತ್ವದ ಔಷಧಿ ಕುಡಿಸಿ, ನುಗ್ಗೆಸೊಪ್ಪು, ಪರಂಗಿ ಹಣ್ಣು ಉಣ್ಣಿಸಿ. ಸಕ್ಕರೆ ರೋಗದವರು ವರ್ಷಕ್ಕೊಮ್ಮೆ ಕಣ್ಣಿನ ಹಿಂಪರದೆ ತೋರಿಸಿ.

ಮರೆಯದಿರಲು ನಾಲ್ಕೇ ಮಾತು. ಒಂದು, ಚಾಳೀಸು ಬೇಕಾದ ವರ್ಷ ಒತ್ತಡ ಅಳೆಸಿ. ಎರಡು, ಮನೆಯಲ್ಲಿ ಒಬ್ಬರಿಗಿದ್ದರೆ ಒಡಹುಟ್ಟಿದವರೂ ಬೆಳೆದ ಮಕ್ಕಳೂ ತೋರಿಸಿಕೊಳ್ಳಿ. ಮೂರು, ಅಂಗಡಿಯ ಹನಿ ಬೇಡ. ವೈದ್ಯರು ಕೊಟ್ಟ ಹನಿ ಬಿಡುವುದು ಬೇಡ. ನಾಲ್ಕು, ಮಂಜು ಕಂಡರೆ ಬಲಿಯಲಿ ಎಂದು ಕಾಯಬೇಡಿ. ತಿಂಗಳಿಗೊಮ್ಮೆ ಒಂದು ಕಣ್ಣು ಮುಚ್ಚಿ, ಆಮೇಲೆ ಇನ್ನೊಂದು ಮುಚ್ಚಿ, ಗೋಡೆಯ ಪಂಚಾಂಗ ನೋಡಿರಿ. ಎರಡಕ್ಕೂ ಒಂದೇ ಸಮ ಕಾಣದಿದ್ದರೆ ಮರುದಿನವೇ ಹೊರಡಿ. ಸಮ ಕಂಡರೂ ಪರೀಕ್ಷೆ ತಪ್ಪಿಸಬೇಡಿ.

ಈ ಮಾತನ್ನು ಈ ರಾತ್ರಿ ಊಟಕ್ಕೆ ಕೂತಾಗ ಮನೆಯ ಹಿರಿಯರಿಗೆ ತಿಳಿಸಿ, ಅವರನ್ನು ಕರೆದುಕೊಂಡು ಹೋಗುವ ದಿನವನ್ನೂ ಗೊತ್ತುಮಾಡಿರಿ.