ಫಲವೃಕ್ಷಗಳ ಕಾಲಧರ್ಮ

(ಮಹೋತ್ಸವದ ಒಕ್ಕಲುತನ ಗೋಷ್ಠಿಯಲ್ಲಿ ಮಾಡಿದ ಭಾಷಣ)

ಮಠಕ್ಕೆ ಬರುವ ಒಕ್ಕಲಿಗನು ತನ್ನ ಕಾಯಕದ ಫಲವನ್ನು ದಾಸೋಹಕ್ಕೆ ಸಲ್ಲಿಸುತ್ತಾನೆ. ಆದ ಕಾರಣ ಆ ಫಲವು ಮರದಲ್ಲಿ ಹೇಗೆ ಬರುವದೆಂಬ ವಿಚಾರವು ಈ ಸಭೆಗೆ ಅಪ್ರಸ್ತುತವಾಗಲಾರದೆಂದು ನಂಬಿದ್ದೇನೆ.

ಉಷ್ಣದೇಶದ ಹಣ್ಣಿನ ಗಿಡಗಳಿಗೆ ಬಿಸಿಲು, ನೀರು, ಗೊಬ್ಬರ ಈ ಮೂರು ಇದ್ದರೆ ಸಾಕೆಂಬುದು ಜನರ ಸಾಮಾನ್ಯ ಭಾವನೆ. ಇದು ಅರ್ಧಸತ್ಯವು. ಬಾಳೆಯ ಮಟ್ಟಿಗೆ ಈ ಮಾತು ಬಹುತರವಾಗಿ ಸಲ್ಲುವದು. ಅದರ ಬೇರುಗಳು ಮೇಲುಮಣ್ಣಿನಲ್ಲಿಯೇ ಹರಡುವವು, ಎಲೆಗಳು ಅಗಲವಾದವು, ಆದ್ದರಿಂದ ಅದಕ್ಕೆ ವರುಷವಿಡೀ ತೇವವು ಬೇಕು. ಉಷ್ಣತೆಯು ಸುಮಾರು 14 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಅದರ ಬೆಳವಣಿಗೆಯು ಕುಂಠಿತವಾಗುವದು. ಮಾವಿನ ಸ್ವಭಾವವಾದರೋ ಬೇರೆ.

ಧಾರವಾಡದ ಆಪೂಸನ್ನೇ ನೋಡಿರಿ. ಈ ಊರು ಸಮುದ್ರಮಟ್ಟದಿಂದ ಸುಮಾರು 700 ಮೀಟರು ಎತ್ತರದಲ್ಲಿದೆ. ಇದರ ಪಡುವಣದ ಕೆಂಪು ಮಸಾರಿ ಭೂಮಿಯಲ್ಲಿ ಮಳೆಯ ನೀರು ನಿಲ್ಲದೆ ಬಸಿದುಹೋಗುವದು. ಮೂಡಣದಲ್ಲಿ ನವಲಗುಂದದ ಕಡೆಯ ಎರೆಭೂಮಿಯು ಹತ್ತಿ ಜೋಳಗಳಿಗೆ ತಾಯಿಯಂತಿದ್ದರೂ ಮಾವಿಗೆ ಅಷ್ಟಾಗಿ ಒಗ್ಗದು. ಅದು ಮಳೆಗಾಲದಲ್ಲಿ ನೀರನ್ನು ಹಿಡಿದಿಟ್ಟು ಬೇರಿನ ಉಸಿರು ಕಟ್ಟಿಸುವದು. ಬೇಸಗೆಯಲ್ಲಿ ಬಿರಿದು ಬೇರನ್ನು ಹರಿಯುವದು.

ಮಣ್ಣು ಹೊಂದಿದರೂ ಕಾಲವು ಹೊಂದಬೇಕು. ಮಳೆಗಾಲದಲ್ಲಿ ಚಿಗುರಿದ ಟೊಂಗೆಯ ತುದಿಗಳು ಬಲಿಯಲು ಕೆಲವು ತಿಂಗಳು ಹಿಡಿಯುವವು. ಮಳೆಯು ಹಿಂದೆಗೆದು, ನೆಲವು ಒಣಗಿ, ಮಾರ್ಗಶಿರ–ಪುಷ್ಯಮಾಸಗಳ ಇರುಳು ತಂಪಾದಾಗ, ಬಲಿತ ತುದಿಗಳಲ್ಲಿ ಹೂವು ಮೂಡುವದು. ಒಣಗಾಲವು ಹೊಸ ಚಿಗುರನ್ನು ತಡೆಯುವದು. ಚಳಿಯು ಮೊಗ್ಗನ್ನು ಹೂವಾಗಿ ತಿರುಗಿಸುವದು. ನಾವು ಕೊರತೆಯೆಂದು ತಿಳಿಯುವದೇ ಗಿಡಕ್ಕೆ ಫಲದ ಸಿದ್ಧತೆಯು.

ನಾನು ಮೊದಲು ತೋಟ ಮಾಡಿದಾಗ ಈ ಗುಟ್ಟನ್ನು ಅರಿತಿರಲಿಲ್ಲ. ಗಿಡಗಳು ಬಾಯಾರಿವೆಯೆಂದು ಮರುಗಿ ಕಾರ್ತಿಕದಲ್ಲಿ ಬಾವಿಯ ನೀರು ಹಾಯಿಸಿದೆನು. ಅವು ಕಣ್ಣಿಗೆ ಹಬ್ಬವಾಗುವಂತೆ ಚಿಗುರಿದವು. ಆದರೆ ಆ ವರುಷ ಒಂದು ಬುಟ್ಟಿ ಹಣ್ಣೂ ದೊರೆಯಲಿಲ್ಲ. ಕಾಲವರಿಯದ ನನ್ನ ದಯೆಯೇ ಹೂವನ್ನು ಕೆಡಿಸಿತು. ವಿಜಯಪುರ, ಬಾಗಲಕೋಟೆಗಳ ಕಡೆಯ ದಾಳಿಂಬೆಯ ಬೆಳೆಗಾರರು ಬಹಾರ ಹಿಡಿಯುವದೂ ಇದೇ ತತ್ತ್ವದಿಂದ. ಅವರು ಕೆಲವು ವಾರ ನೀರು ನಿಲ್ಲಿಸಿ, ಎಲೆ ಉದುರಿಸಿ, ಬಳಿಕ ನೀರು ಗೊಬ್ಬರ ಕೊಟ್ಟು ಒಮ್ಮೆಲೆ ಹೂ ತರಿಸುವರು.

ಈಚೆಗೆ ಮಾವಿನ ತೋಟಗಳಲ್ಲಿ ಮತ್ತೊಂದು ಆತುರವು ಕಾಣುತ್ತಿದೆ. ಪ್ಯಾಕ್ಲೊಬ್ಯುಟ್ರಜೋಲ್ ಎಂಬ ರಾಸಾಯನಿಕವನ್ನು ಬುಡಕ್ಕೆ ಹೊಯ್ದು ಹೂ ಬರಿಸುವರು. ಅದು ಗಿಡವನ್ನು ಬೆಳೆಯಿಸುವ ಒಳರಸವನ್ನು ತಡೆದು ಚಿಗುರನ್ನು ಹಿಡಿದಿಡುವದು. ಅಳತೆಯರಿತು ಕೊಟ್ಟರೆ ಉಪಯೋಗವುಂಟು. ಅಳತೆಗೆಟ್ಟು ವರುಷವರುಷವೂ ಹೊಯ್ದರೆ ಟೊಂಗೆಗಳು ಮೊಂಡಾಗಿ, ಹೂಗೊಂಚಲು ಮುದುಡಿಕೊಳ್ಳುವದು; ಅದರ ಶೇಷವು ಮಣ್ಣಿನಲ್ಲಿಯೂ ಉಳಿಯುವದು. ತೋಟವನ್ನು ಗುತ್ತಿಗೆಗೆ ಕೊಡುವಾಗ ಇದನ್ನು ವಿಚಾರಿಸಿರಿ. ಗುತ್ತಿಗೆಯು ಒಂದೆರಡು ವರುಷದ್ದು. ಮರವು ಮೊಮ್ಮಕ್ಕಳ ಕಾಲದ್ದು. ಒಂದು ವರುಷ ತುಂಬ ಫಲಿಸಿ ಮರುವರುಷ ವಿಶ್ರಮಿಸುವದು ಆಪೂಸಿನ ಗುಣವು. ಆ ವಿಶ್ರಾಂತಿಯನ್ನು ಮೈಗಳ್ಳತನವೆಂದೆಣಿಸಬಾರದು.

ಆದುದರಿಂದ, ಬಂಧುಗಳೇ, ಗಿಡ ನೆಡುವ ಮೊದಲು ನೆಲವನ್ನು ಅಗೆದು ನೋಡಿರಿ. ಫಲಕ್ಕೆ ಬಂದ ಮಾವಿಗೆ ಹೂವಿನ ಮುಂಚೆ ನೀರನ್ನು ನಿಲ್ಲಿಸಿರಿ. ಕಾಯಿಯು ಬಟಾಣಿಯಷ್ಟಾದ ಮೇಲೆ ಹದವರಿತು ಕೊಡಿರಿ. ಕೊಡುವದು ಹೇಗೆ ಧರ್ಮವೋ, ಕೊಡದೆ ಕಾಯುವದೂ ಹಾಗೆಯೇ ಧರ್ಮವು. ಹೀಗೆ ಕಾಯ್ದು ಪಡೆದ ಹಣ್ಣು ಈ ಮಠದ ದಾಸೋಹಕ್ಕೆ ತಲೆಮಾರುಗಳವರೆಗೆ ಸಲ್ಲುತ್ತಿರಲೆಂದು ಪ್ರಾರ್ಥಿಸಿ, ನನ್ನ ಮಾತನ್ನು ಮುಗಿಸುತ್ತೇನೆ.